ಹಳೆಯ ಟ್ರಾಕ್ಟರಿನ ಇಂಜೆಕ್ಷನ್ ಪಂಪು ಬದಲಿಸುವ ಕ್ರಮ

ಎಂಜಿನಿಗೆ ಬೇಕಾದಷ್ಟು ಡೀಸೆಲನ್ನು ತಕ್ಕ ಗಳಿಗೆಯಲ್ಲಿ, ಅಧಿಕ ಒತ್ತಡದಿಂದ ಇಂಜೆಕ್ಟರುಗಳಿಗೆ ಒದಗಿಸುವುದು ಇಂಜೆಕ್ಷನ್ ಪಂಪಿನ ಕೆಲಸ. ಇದರ ಪ್ಲಂಜರ್ ಮತ್ತು ಬ್ಯಾರಲ್‌ಗಳ ನಡುವಣ ಸಂದು ಮಿಲಿಮೀಟರಿನ ಸಾವಿರದ ಕೆಲವೇ ಭಾಗಗಳಷ್ಟು. ಆದ್ದರಿಂದ ಧೂಳು ಮತ್ತು ನೀರು ಪಂಪಿನ ದೊಡ್ಡ ಶತ್ರುಗಳು.

ದೋಷ ಪಂಪಿನದೇ?

ಬಿತ್ತನೆಯ ಅವಸರದಲ್ಲಿ ಎಂಜಿನ್ ಚಾಲೂ ಆಗದಿದ್ದರೆ ಕೂಡಲೆ ಪಂಪನ್ನು ಬಿಚ್ಚಬಾರದು. ಫಿಲ್ಟರ್ ಕಟ್ಟಿರುವುದು, ಕೊಳವೆಯಲ್ಲಿ ಗಾಳಿ ಸೇರಿರುವುದು, ಇಂಜೆಕ್ಟರ್ ಕೆಟ್ಟಿರುವುದು ಇವುಗಳನ್ನು ಮೊದಲು ಪರೀಕ್ಷಿಸಬೇಕು. ಹೀಗೆ ಮಾಡದೆ ಒಳ್ಳೆಯ ಪಂಪನ್ನೇ ಬಿಚ್ಚಿದರೆ ಹಣವೂ ಹದವೂ ಕೈತಪ್ಪುತ್ತವೆ.

ಬಿಚ್ಚುವುದು

1. ಪಂಪು ಮತ್ತು ಕೊಳವೆಗಳ ಹೊರಭಾಗವನ್ನು ಡೀಸೆಲಿನಿಂದ ತೊಳೆದು ಒರೆಸಬೇಕು.

2. ಎಂಜಿನನ್ನು ಅದು ತಿರುಗುವ ದಿಕ್ಕಿನಲ್ಲೇ ತಿರುಗಿಸಿ, ಫ್ಲೈವೀಲಿನ ಇಂಜೆಕ್ಷನ್ ಗುರುತನ್ನು ಸೂಚಿಗೆ ಸರಿಯಾಗಿ ತರಬೇಕು. ಇದೇ ಗುರುತು ಹೊಗೆ ಹೊರಹಾಕುವ ಹೊಡೆತದಲ್ಲೂ ಬರುತ್ತದೆ. ಮೊದಲನೆಯ ಸಿಲಿಂಡರಿನ ಎರಡು ವಾಲ್ವುಗಳೂ ಮುಚ್ಚಿದ್ದರೆ ಮಾತ್ರ ಅದು ಸರಿಯಾದ ಹೊಡೆತ.

3. ಪಂಪಿನ ಫ್ಲೇಂಜಿಗೂ ಎಂಜಿನಿಗೂ ಸೇರುವಂತೆ ಗೀರು ಹಾಕಬೇಕು.

4. ಕೊಳವೆಗಳನ್ನು ಬಿಚ್ಚಿ, ಎಲ್ಲ ಬಾಯಿಗಳಿಗೂ ಶುಭ್ರವಾದ ಮುಚ್ಚಳ ಹಾಕಬೇಕು.

ಪಂಪಿನ ಒಳಭಾಗಗಳನ್ನು ಮನೆಯಲ್ಲಿ ಬಿಚ್ಚಕೂಡದು. ಟೆಸ್ಟ್ ಬೆಂಚ್ ಇರುವ ಕಾರ್ಯಾಗಾರದಲ್ಲೇ ದುರಸ್ತಿ ಮಾಡಿಸಬೇಕು.

ಜೋಡಿಸುವುದು

ಬದಲಿ ಪಂಪಿನ ತಗಡಿನ ಮೇಲಿರುವ ಸಂಖ್ಯೆ ಹಳೆಯದಕ್ಕೆ ಹೊಂದಬೇಕು. ಪ್ರತ್ಯೇಕ ಎಣ್ಣೆ ಬೇಕಾದ ಪಂಪಿಗೆ ಅದನ್ನು ತುಂಬಬೇಕು. ದುರಸ್ತಿಯಾದ ಹಳೆಯ ಪಂಪನ್ನೇ ಕೂರಿಸುವಾಗ ಗೀರು ದಾರಿ ತೋರಿಸುತ್ತದೆ. ಆದರೆ ಬೇರೆ ಪಂಪಿಗೆ ಅದನ್ನೇ ನಂಬಬಾರದು, ಮೆಕ್ಯಾನಿಕ್‌ನಿಂದ ಟೈಮಿಂಗ್ ಹೊಂದಿಸಬೇಕು. ಇಂಜೆಕ್ಷನ್ ಬೇಗನೆ ಆದರೆ ಎಂಜಿನ್ ಕುಟ್ಟುತ್ತದೆ. ತಡವಾದರೆ ಶಕ್ತಿ ಕುಂದಿ, ಹೊಗೆ ಹೆಚ್ಚುತ್ತದೆ.

ಗಾಳಿ ತೆಗೆಯುವುದು

ಫಿಲ್ಟರಿನ, ಅನಂತರ ಪಂಪಿನ ಗಾಳಿ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಕೈಪಂಪನ್ನು ಒತ್ತಬೇಕು. ಬಳಿಕ ಸ್ಕ್ರೂಗಳನ್ನು ಬಿಗಿಮಾಡಿ, ಇಂಜೆಕ್ಟರ್ ಕೊಳವೆಗಳ ನಟ್ಟುಗಳನ್ನು ಸಡಿಲಿಸಿ ಎಂಜಿನ್ ತಿರುಗಿಸಬೇಕು. ಡೀಸೆಲ್ ಬಂದೊಡನೆ ನಟ್ಟುಗಳನ್ನು ಬಿಗಿಮಾಡಬೇಕು.

ಎಚ್ಚರಿಕೆ

ಒತ್ತಡದ ಡೀಸೆಲ್ ಚರ್ಮವನ್ನು ತೂರಿ ಒಳಹೊಗುತ್ತದೆ. ಸೋರಿಕೆಯನ್ನು ಕೈಯಿಂದ ಮುಟ್ಟಿ ನೋಡಬಾರದು, ರಟ್ಟಿನ ತುಂಡು ಹಿಡಿದು ನೋಡಬೇಕು. ಚರ್ಮಕ್ಕೆ ತಾಗಿದರೆ, ಗಾಯ ಚಿಕ್ಕದಾಗಿ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಉಳುಮೆಗೆ ಮುಂಚೆಯೇ ಫಿಲ್ಟರ್ ಬದಲಿಸಿ, ಡೀಸೆಲನ್ನು ಶುಭ್ರವಾದ ಪಾತ್ರೆಯಲ್ಲಿಟ್ಟು ಬಳಸುವ ರೈತರಿಗೆ ಪಂಪು ಬದಲಿಸುವ ಖರ್ಚು ಅಪರೂಪ.