ನೈನ್‌ಬಾಲ್ ವಿಶ್ವ ಚಾಂಪಿಯನ್‌ಶಿಪ್: ನಸೀಬಿನ ಆಟವೇ?

ಕೇರಂ ಬೋರ್ಡ್ ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿದೆ. ಪೂಲ್ ಟೇಬಲ್ ಕಾಣುವುದು ಪಾರ್ಲರ್‌ನಲ್ಲಿ ಮಾತ್ರ. ಆ ಪಾರ್ಲರ್‌ಗೆ ನಮ್ಮ ಮನೆಗಳಲ್ಲಿ ಒಳ್ಳೆಯ ಹೆಸರಿಲ್ಲ. "ಅದು ನಸೀಬಿನ ಆಟ, ಜೂಜು" ಎಂದು ಹಿರಿಯರು ಹೇಳುತ್ತಾರೆ. ಇದು ನಿಜವೇ? ವಿಶ್ವ ಚಾಂಪಿಯನ್‌ಶಿಪ್ ನಡೆಯುವ ರೀತಿಯನ್ನು ನೋಡಿದರೆ ಉತ್ತರ ಸಿಗುತ್ತದೆ ಎಂದು ನನಗೆ ಅನಿಸಿತು.

ಆಟದ ನಿಯಮ: ಮೇಜಿನ ಮೇಲೆ 1ರಿಂದ 9ರವರೆಗೆ ಸಂಖ್ಯೆಯುಳ್ಳ ಚೆಂಡುಗಳಿರುತ್ತವೆ. ಬಿಳಿ ಚೆಂಡು ಮೊದಲು ಮುಟ್ಟಬೇಕಾದದ್ದು ಮೇಜಿನ ಮೇಲಿರುವ ಅತಿ ಚಿಕ್ಕ ಸಂಖ್ಯೆಯ ಚೆಂಡನ್ನು. 9ನೇ ಚೆಂಡನ್ನು ನಿಯಮದಂತೆ ಪಾಕೆಟ್‌ಗೆ ಹಾಕಿದವರು ಆ ಆಟ ಗೆಲ್ಲುತ್ತಾರೆ. ಎಂಟು ಚೆಂಡು ಒಬ್ಬರು ಹಾಕಿ, ಒಂಬತ್ತನೆಯದನ್ನು ಇನ್ನೊಬ್ಬರು ಹಾಕಿದರೂ ಗೆಲುವು ಇನ್ನೊಬ್ಬರದೇ. ಆದ್ದರಿಂದ ಒಂದೇ ಆಟದಲ್ಲಿ ಅದೃಷ್ಟಕ್ಕೆ ಜಾಗ ಇದೆ.

ಇತಿಹಾಸ: ಮೊದಲ ಚಾಂಪಿಯನ್‌ಶಿಪ್ 1990ರಲ್ಲಿ ಜರ್ಮನಿಯ ಬೆರ್ಗ್‌ಹೈಮ್‌ನಲ್ಲಿ ನಡೆಯಿತು. ಅಮೆರಿಕದ ಅರ್ಲ್ ಸ್ಟ್ರಿಕ್‌ಲ್ಯಾಂಡ್ ಗೆದ್ದರು. 1999ರಲ್ಲಿ ವೇಲ್ಸ್‌ನ ಕಾರ್ಡಿಫ್‌ನಲ್ಲಿ ಫಿಲಿಪ್ಪೀನ್ಸ್‌ನ ಎಫ್ರೆನ್ ರೇಯೆಸ್ ಗೆದ್ದರು. 2005ರಲ್ಲಿ ತೈವಾನ್‌ನ ಕಾವ್‌ಶುಂಗ್‌ನಲ್ಲಿ ವೂ ಜಿಯಾ-ಚಿಂಗ್ 17–16ರಿಂದ ಫೈನಲ್ ಗೆದ್ದಾಗ ಅವರ ವಯಸ್ಸು ಕೇವಲ 16. ಅಂದರೆ ನಮಗಿಂತ ಚಿಕ್ಕವರು! 2008 ಮತ್ತು 2009ರಲ್ಲಿ ಸ್ಪರ್ಧೆ ನಡೆಯಲಿಲ್ಲ. 2010ರಿಂದ 2019ರವರೆಗೆ ಕತಾರ್‌ನ ದೋಹಾ ಅದಕ್ಕೆ ಆಶ್ರಯ ಕೊಟ್ಟಿತು. 2024ರಲ್ಲಿ ಅದು ಸೌದಿ ಅರೇಬಿಯಾದ ಜಿದ್ದಾಕ್ಕೆ ಬಂತು. ಹಜ್ ಯಾತ್ರಿಕರ ಬಾಯಲ್ಲಿ ನಾವು ಕೇಳುವ ಅದೇ ಜಿದ್ದಾ. ಒಟ್ಟು ಬಹುಮಾನ 10 ಲಕ್ಷ ಡಾಲರ್, ಗೆದ್ದ ಫೆಡರ್ ಗೋರ್ಸ್ಟ್‌ಗೆ 2.5 ಲಕ್ಷ ಡಾಲರ್.

ಸ್ಪರ್ಧೆಯ ಕ್ರಮ: ಜಿದ್ದಾದಲ್ಲಿ 128 ಆಟಗಾರರಿದ್ದರು. ಮೊದಲ ಹಂತದಲ್ಲಿ ಒಮ್ಮೆ ಸೋತವರು ಹೊರಗೆ ಹೋಗುವುದಿಲ್ಲ, ಎರಡು ಬಾರಿ ಸೋತರೆ ಮಾತ್ರ ಹೋಗುತ್ತಾರೆ. ಎರಡು ಸೋಲಿಗೆ ಮೊದಲು ಎರಡು ಪಂದ್ಯ ಗೆದ್ದ 64 ಮಂದಿ ಮುಂದೆ ಬರುತ್ತಾರೆ. ಅಲ್ಲಿಂದ ನಾಕೌಟ್. ಮೊದಲ ಹಂತದ ಪಂದ್ಯದಲ್ಲಿ 9 ಆಟ, ಫೈನಲ್‌ನಲ್ಲಿ 15 ಆಟ ಮೊದಲು ಗೆದ್ದವರು ವಿಜೇತರು.

ಇಷ್ಟು ಉದ್ದ ಏಕೆ? ಸಂಖ್ಯಾಶಾಸ್ತ್ರದಲ್ಲಿ ನಾವು ಓದುವ ಬೈನಾಮಿಯಲ್ ವಿತರಣೆಯಿಂದ ಲೆಕ್ಕ ಹಾಕಿ ನೋಡಿದೆ. ಒಬ್ಬ ಆಟಗಾರ ಪ್ರತಿ ಆಟವನ್ನು ಗೆಲ್ಲುವ ಸಂಭವ ಶೇ. 60 ಎಂದಿಟ್ಟುಕೊಳ್ಳಿ. 9 ಆಟಗಳ ಪಂದ್ಯ ಗೆಲ್ಲುವ ಸಂಭವ ಸುಮಾರು ಶೇ. 80 ಆಗುತ್ತದೆ. 15 ಆಟಗಳ ಪಂದ್ಯದಲ್ಲಿ ಸುಮಾರು ಶೇ. 86. ಪಂದ್ಯ ಉದ್ದವಾದಷ್ಟೂ ನಸೀಬಿನ ಪಾಲು ಕಡಿಮೆ, ಅಭ್ಯಾಸದ ಪಾಲು ಹೆಚ್ಚು. ಆದರೂ ಆ ಉಳಿದ ಶೇ. 14 ಪೂರ್ತಿ ಅಳಿಯುವುದಿಲ್ಲ. 2024ರ ಫೈನಲ್ 15–14ರಲ್ಲಿ ಮುಗಿಯಿತು.

ಹಿರಿಯರ ಭಯ ಸುಳ್ಳಲ್ಲ. ಬಾಜಿ ಕಟ್ಟಿದರೆ ಯಾವ ಆಟವೂ ಜೂಜೇ, ಅದು ಹರಾಮ್. ಅದು ಕೇರಂಗೂ ಸರಿ, ಕ್ರಿಕೆಟ್‌ಗೂ ಸರಿ. ಆದರೆ ತಪ್ಪು ಬಾಜಿಯದು, ಮೇಜಿನದಲ್ಲ. ಈ ಎರಡನ್ನೂ ಬೇರೆ ಮಾಡಿ ನೋಡಿದರೆ, ಹದಿನಾರರ ಹುಡುಗ ವಿಶ್ವ ಚಾಂಪಿಯನ್ ಆದದ್ದು ಬರೀ ನಸೀಬಿನಿಂದಲ್ಲ ಎಂದು ಮನೆಯಲ್ಲಿ ಲೆಕ್ಕ ಕೊಟ್ಟೇ ಹೇಳಬಹುದು.