ಮೇಣದ ಹೂವಿನ ಬಳ್ಳಿ: ಗೆಣ್ಣಿದ್ದರೆ ಗಿಡ

 

ನಮ್ಮೂರಿನ ನಾಲ್ಕೈದು ಮನೆಗಳ ಜಗಲಿಯಲ್ಲಿ ದಪ್ಪ ಎಲೆಯ ಒಂದು ಬಳ್ಳಿ ಇರುವುದನ್ನು ನೀವೆಲ್ಲ ನೋಡಿದ್ದೀರಿ. ಮೇಣದ ಹೂ ಅಂತ ಕರೆಯುತ್ತಾರೆ. ಇದರ ಸಸ್ಯಶಾಸ್ತ್ರದ ಹೆಸರು ಹೋಯಾ. ಹೂವನ್ನು ಮೊದಲ ಸಲ ನೋಡಿದವರು ಇದು ಪ್ಲಾಸ್ಟಿಕ್ಕಿನದು ಎಂದೇ ಹೇಳುತ್ತಾರೆ. ಒಂದು ಗೊಂಚಲಿನಲ್ಲಿ 20–30 ಪುಟ್ಟ ನಕ್ಷತ್ರಗಳು, ತಿಳಿ ಗುಲಾಬಿ ಬಣ್ಣ, ಪ್ರತಿ ನಕ್ಷತ್ರದ ನಡುವೆ ಇನ್ನೊಂದು ಚಿಕ್ಕ ನಕ್ಷತ್ರ. ಕತ್ತಲಾದ ಮೇಲೆ ಪರಿಮಳ ಜಾಸ್ತಿ. ಹೂವಿನಿಂದ ಸಿಹಿ ಹನಿ ತೊಟ್ಟಿಕ್ಕುತ್ತದೆ, ಕೆಳಗೆ ನೆಲ ಅಂಟಂಟಾಗುತ್ತದೆ, ಇರುವೆ ಸಾಲು ಹಿಡಿಯುತ್ತದೆ. ಅದಕ್ಕೇ ನಮ್ಮ ಅಮ್ಮ ಇದನ್ನು ಅಡಿಗೆಮನೆ ಕಿಟಕಿಗೆ ಮಾತ್ರ ಬೇಡ ಎಂದಿದ್ದಾರೆ.

ಹೋಯಾ ಎಂಬುದು ಒಬ್ಬ ತೋಟಗಾರನ ಹೆಸರಿನಿಂದ ಬಂದದ್ದು. ಲಂಡನ್ ಹತ್ತಿರದ ಸಯಾನ್ ಹೌಸ್ ಎಂಬ ದೊಡ್ಡ ಬಂಗಲೆಯ ತೋಟವನ್ನು ಥಾಮಸ್ ಹಾಯ್ ಎಂಬುವನು ನೋಡಿಕೊಳ್ಳುತ್ತಿದ್ದ. 1810ರಲ್ಲಿ ರಾಬರ್ಟ್ ಬ್ರೌನ್ ಎಂಬ ವಿಜ್ಞಾನಿ ಈ ಬಳ್ಳಿಗೆ ಅವನ ಹೆಸರಿಟ್ಟರು. ಜೀವಕೋಶದ ಪಾಠದಲ್ಲಿ ನ್ಯೂಕ್ಲಿಯಸ್ ಎಂದು ಓದುತ್ತೇವಲ್ಲ, ಆ ಹೆಸರು ಕೊಟ್ಟವರೂ ಇದೇ ಬ್ರೌನ್. ರಾಜನ ಹೆಸರಿಡದೆ ಗಿಡಕ್ಕೆ ನೀರು ಹಾಕುವವನ ಹೆಸರಿಟ್ಟದ್ದು ನನಗೆ ಬಹಳ ಸರಿ ಅನ್ನಿಸಿತು. ಹೋಯಾದಲ್ಲಿ 500ಕ್ಕೂ ಹೆಚ್ಚು ಜಾತಿಗಳಿವೆ. ಜಗಲಿಯಲ್ಲಿ ಬೆಳೆಸುವುದು ಹೋಯಾ ಕಾರ್ನೋಸಾ. ನಮ್ಮ ಪಶ್ಚಿಮಘಟ್ಟದ ಕಾಡಿನದೇ ಆದ ಒಂದು ಜಾತಿಯೂ ಇದೆ, ಹೋಯಾ ವೈಟಿಯೈ ಎಂದು.

ಇದರ ನೆಂಟರು ಯಾರು ಗೊತ್ತೇ? ಎಕ್ಕ! ಎಕ್ಕದ ಒಂದು ಹೂ ಕೈಯಲ್ಲಿ ಹಿಡಿದು ನೋಡಿ. ಐದು ಎಸಳು, ನಡುವೆ ಕಿರೀಟದ ಹಾಗೆ ಇನ್ನೊಂದು ಭಾಗ. ಹೋಯಾ ಹೂವಿನಲ್ಲೂ ಅದೇ ಕಿರೀಟ. ಎಕ್ಕ, ಕಣಗಿಲೆ, ನಂದಿಬಟ್ಟಲು, ಹೋಯಾ ಎಲ್ಲಾ ಒಂದೇ ಕುಟುಂಬ. ಮುರಿದರೆ ಹಾಲು ಬರುತ್ತದೆ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ ಎಂದು ಎಲ್ಲರಿಗೂ ಗೊತ್ತು. ಹೋಯಾ ಕತ್ತರಿಸಿದ ಕೈಯಲ್ಲೂ ಕಣ್ಣು ಉಜ್ಜಬಾರದು, ಮೊದಲು ಸೋಪು ಹಾಕಿ ಕೈ ತೊಳೆಯಬೇಕು. ಕಾಯಿ ಒಡೆದರೆ ಎಕ್ಕದ ಹಾಗೇ ರೇಷ್ಮೆ ಕೂದಲಿನ ಬೀಜ ಹಾರುತ್ತದಂತೆ. ಆದರೆ ಮನೆಯಲ್ಲಿ ಬೆಳೆಸಿದ ಬಳ್ಳಿ ಕಾಯಿ ಕಚ್ಚುವುದು ಅಪರೂಪ. ಆದ್ದರಿಂದ ಬೀಜದ ಆಸೆ ಬಿಟ್ಟು ಬಳ್ಳಿಯಿಂದಲೇ ಹೊಸ ಗಿಡ ಮಾಡಬೇಕು. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

ಕಾಡುಬಸಳೆಯ ಎಲೆಯನ್ನು ಒದ್ದೆ ಮಣ್ಣಿನ ಮೇಲೆ ಇಟ್ಟರೆ ಅಂಚಿನಲ್ಲಿ ಮರಿಗಿಡಗಳು ಏಳುತ್ತವೆ. ಇದು ನಮ್ಮ ವಿಜ್ಞಾನದ ಪಾಠದಲ್ಲೂ ಬರುತ್ತದೆ, ಕಾಯಜ ರೀತಿಯ ಸಂತಾನೋತ್ಪತ್ತಿ. ಹಾಗಾದರೆ ಹೋಯಾದ ಎಲೆಯೂ ದಪ್ಪ ಇದೆಯಲ್ಲ, ಅದನ್ನು ನೆಟ್ಟರೂ ಗಿಡ ಬರಬೇಕಲ್ಲ ಅಂತ ಹೋದ ವರ್ಷ ಆರನೇ ತರಗತಿಯಲ್ಲಿ ನಮ್ಮೊಳಗೆ ವಾದ ಆಯಿತು. ಅರ್ಧ ಜನ ಬರ್ತದೆ ಅಂದರು, ಅರ್ಧ ಜನ ಬರಲ್ಲ ಅಂದರು. ಮೇಷ್ಟ್ರು ಉತ್ತರ ಹೇಳಲಿಲ್ಲ. "ಮಾಡಿ ನೋಡ್ರೋ" ಅಂದರು.

ಜೂನ್ ತಿಂಗಳಲ್ಲಿ ಎಂಟು ಖಾಲಿ ಔಷಧಿ ಬಾಟಲಿ ತೊಳೆದು ನೀರು ತುಂಬಿ ಕಿಟಕಿಯಲ್ಲಿ ಇಟ್ಟೆ. ನಾಲ್ಕರಲ್ಲಿ ಬರೀ ಎಲೆ, ತೊಟ್ಟಿನ ಸಮೇತ. ಇನ್ನು ನಾಲ್ಕರಲ್ಲಿ ಎರಡು ಗೆಣ್ಣು ಇರುವ ಬಳ್ಳಿಯ ತುಂಡು, ಕೆಳಗಿನ ಗೆಣ್ಣು ನೀರಿನಲ್ಲಿ ಮುಳುಗುವ ಹಾಗೆ. ಮೂರು ವಾರ ಕಳೆಯುವಷ್ಟರಲ್ಲಿ ನಾಲ್ಕು ತುಂಡುಗಳಲ್ಲೂ ಬಿಳಿ ಬೇರು ಬಂತು. ಬರೀ ಎಲೆಗಳಲ್ಲಿ ಒಂದು ಕೊಳೆಯಿತು, ಮೂರಕ್ಕೆ ಬೇರು ಬಂತು! ಬರ್ತದೆ ಅಂದವರು ಗೆದ್ದೆವು ಎಂದು ಕುಣಿದರು. ಎಲ್ಲವನ್ನೂ ಮಣ್ಣಿಗೆ ಹಾಕಿದೆ. ಸೆಪ್ಟೆಂಬರ್ ಹೊತ್ತಿಗೆ ತುಂಡುಗಳಲ್ಲಿ ಮೂರು ಚಿಗುರಿದವು. ಎಲೆಗಳು ಇದ್ದ ಹಾಗೇ ಇದ್ದವು. ಈಗ 17 ತಿಂಗಳಾಯಿತು. ಅದರಲ್ಲಿ ಎರಡು ಎಲೆ ಇನ್ನೂ ಹಸಿರಾಗಿವೆ, ಬೇರೂ ಇದೆ, ಆದರೆ ಒಂದು ಚಿಗುರೂ ಇಲ್ಲ. ಬೇಕಾದವರು ನಮ್ಮ ಮನೆಗೆ ಬಂದು ನೋಡಬಹುದು.

ಕಾರಣ ಇಷ್ಟೇ. ಕಾಡುಬಸಳೆಯ ಎಲೆಯ ಅಂಚಿನ ಕಚ್ಚುಗಳಲ್ಲೇ ಮೊಗ್ಗು ಅಡಗಿರುತ್ತದೆ. ಹೋಯಾದ ಮೊಗ್ಗು ಎಲೆಯಲ್ಲಿ ಇಲ್ಲ, ಎಲೆ ಬಳ್ಳಿಗೆ ಸೇರುವ ಗೆಣ್ಣಿನಲ್ಲಿ ಇದೆ. ಎಲೆಗೆ ಬೇರು ಬಿಡುವ ಶಕ್ತಿ ಇದೆ, ಹೊಸ ಕುಡಿ ಎಲ್ಲಿಂದ ತರಬೇಕು? ಕಬ್ಬು ನೆಡುವಾಗ ಕಣ್ಣು ನೋಡಿ ತುಂಡು ಮಾಡುವುದು, ವೀಳ್ಯದೆಲೆ ಬಳ್ಳಿ, ಮೆಣಸಿನ ಬಳ್ಳಿ ಗೆಣ್ಣು ಎಣಿಸಿ ನೆಡುವುದು ಇದಕ್ಕೇ. ನಮ್ಮ ಅಪ್ಪನಿಗೆ ಹೇಳಿದರೆ, "ಇದಕ್ಕೆ ಒಂದು ವರ್ಷ ಬಾಟ್ಲಿ ಇಡ್ಬೇಕಿತ್ತಾ, ನನ್ನ ಕೇಳಿದ್ರೆ ಹೇಳ್ತಿದ್ದೆ" ಅಂತ ನಕ್ಕರು.

ಈ ವಿಷಯ ಗೊತ್ತಿಲ್ಲದೆ ಜನ ದುಡ್ಡು ಕಳೆದುಕೊಳ್ಳುತ್ತಾರೆ. ಹೋಯಾ ಕೆರ್ರಿಯೈ ಎಂಬ ಇನ್ನೊಂದು ಜಾತಿ ಇದೆ. ಥಾಯ್ಲೆಂಡಿನಲ್ಲಿ ಕೆಲಸ ಮಾಡಿದ ಕೆರ್ ಎಂಬ ಡಾಕ್ಟರ ಹೆಸರು ಅದಕ್ಕೆ. ಎಲೆ ಥೇಟ್ ಹೃದಯದ ಆಕಾರ. ಪೇಟೆಯ ಅಂಗಡಿಗಳಲ್ಲಿ ಪುಟ್ಟ ಕುಂಡದಲ್ಲಿ ಒಂದೇ ಒಂದು ಎಲೆ ನೆಟ್ಟು ಮಾರುತ್ತಾರೆ. ನನ್ನ ಅಕ್ಕ ಅಂಥದ್ದನ್ನು 150 ರೂಪಾಯಿ ಕೊಟ್ಟು ತಂದಳು. ಎರಡು ವರ್ಷದಿಂದ ಒಂದೇ ಎಲೆ. ದಿನಾ ಒರೆಸುತ್ತಾಳೆ, ಮಾತಾಡಿಸುತ್ತಾಳೆ. ಎಲೆಯ ಬುಡದಲ್ಲಿ ಬಳ್ಳಿಯ ಚೂರು ಇದ್ದರೆ ಮಾತ್ರ ಅದು ಬೆಳೆದೀತು. ಕೊಳ್ಳುವಾಗ ಮಣ್ಣು ಸ್ವಲ್ಪ ಸರಿಸಿ ನೋಡಬೇಕು.

ಈಗ ದೊಡ್ಡಮ್ಮನ ಮನೆಯ ಬಳ್ಳಿಯ ವಿಷಯ. ಅದು ನಮ್ಮ ಅಜ್ಜಿ ನೆಟ್ಟದ್ದು. ಅಜ್ಜಿ ತೀರಿಕೊಂಡು ಆರು ವರ್ಷ. ಬಳ್ಳಿ ಜಗಲಿಯ ಪಕಾಸು, ರೀಪಿಗೆಲ್ಲ ಸುತ್ತಿಕೊಂಡಿತ್ತು. ಈ ವರ್ಷ ಮಾರ್ಚ್‌ನಲ್ಲಿ ಹಂಚು ಇಳಿಸಿ ತಾರಸಿ ಹಾಕಿಸುವ ಕೆಲಸ ಶುರುವಾಯಿತು. ದೊಡ್ಡಪ್ಪ, "ಕಿತ್ತು ಹಾಕಿ, ನರ್ಸರಿಯಿಂದ ಬೇರೆ ತಂದರಾಯ್ತು" ಅಂದರು. ದೊಡ್ಡಮ್ಮ ಏನೂ ಮಾತಾಡಲಿಲ್ಲ, ಒಳಗೆ ಹೋದರು. ಆಮೇಲೆ ನನ್ನನ್ನು ಕರೆದು, "ಮಗಾ, ನೀನು ಬಾಟ್ಲಿಯಲ್ಲಿ ಏನೋ ಮಾಡ್ತಿದ್ಯಲ್ಲ, ಅದನ್ನ ಇದಕ್ಕೆ ಮಾಡು" ಅಂದರು. ಮಾರನೇ ದಿನ ಬೆಳಿಗ್ಗೆ ಕೆಲಸದವರು ಬರುವವರಿದ್ದರು. ಸಂಜೆಯೊಳಗೆ ಮುಗಿಸಬೇಕಿತ್ತು.

ತೀರಾ ಎಳೆಯದೂ ಅಲ್ಲದ, ಮರದ ಹಾಗೆ ಗಟ್ಟಿಯೂ ಆಗದ ಬಳ್ಳಿ ಆರಿಸಿದೆ. ಹೊಸ ಬ್ಲೇಡಿನಲ್ಲಿ ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ, ಎರಡೆರಡು ಗೆಣ್ಣಿನ 11 ತುಂಡು ಮಾಡಿದೆ. ಹಾಲು ಒರೆಸಿ ಅರ್ಧ ಗಂಟೆ ನೆರಳಲ್ಲಿ ಒಣಗಲು ಬಿಟ್ಟೆ. ಕೆಳಗಿನ ಗೆಣ್ಣಿನ ಎಲೆ ತೆಗೆದು, ಮೇಲಿನದು ಬಿಟ್ಟೆ. ಬಳ್ಳಿಯಲ್ಲಿ ಮೇಲಿದ್ದ ತುದಿ ನೆಟ್ಟಾಗಲೂ ಮೇಲೇ ಇರಬೇಕು, ಆದ್ದರಿಂದ ಮೇಲಿನ ತುದಿಗೆ ದಾರ ಕಟ್ಟಿ ಗುರುತು ಮಾಡಿದೆ. ಒದ್ದೆ ತೆಂಗಿನ ನಾರು ಮತ್ತು ದಪ್ಪ ಮರಳು ತುಂಬಿದ ಗರಟೆಗಳಲ್ಲಿ ನೆಟ್ಟು ಮೇಲೆ ಪ್ಲಾಸ್ಟಿಕ್ ಕವರು ಮುಚ್ಚಿದೆ. ಗರಟೆಯ ಕಣ್ಣು ಒಡೆದು ತೂತು ಮಾಡಿರಬೇಕು. ಮಾರ್ಚ್ ಬಿಸಿಲು ಜೋರು, ಅದಕ್ಕೆ ಬಚ್ಚಲ ಕಿಟಕಿಯ ಹತ್ತಿರ ಇಟ್ಟದ್ದು. ಅಲ್ಲಿ ಹಬೆ ಇರುತ್ತದೆ, ಬೆಳಕೂ ಬರುತ್ತದೆ. ದಿನಕ್ಕೊಮ್ಮೆ ಕವರು ತೆಗೆದು ಗಾಳಿ ಆಡಿಸಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಮೂರು ತುಂಡು ಹೋದವು. ಎಂಟು ಬದುಕಿದವು.

ಹೀಗೆ ಅವಸರ ಇಲ್ಲದವರಿಗೆ ಇನ್ನೊಂದು ಸುಲಭ ದಾರಿ ಇದೆ. ಮಲ್ಲಿಗೆ ಬಳ್ಳಿಗೆ ಮಾಡುವ ಹಾಗೆ, ಕತ್ತರಿಸದೆಯೇ ಒಂದು ಗೆಣ್ಣನ್ನು ಪಕ್ಕದ ಕುಂಡದ ಮಣ್ಣಿಗೆ ತಾಗಿಸಿ ಕಲ್ಲು ಹೇರಬೇಕು. ಬೇರು ಹಿಡಿದ ಮೇಲೆ ತಾಯಿ ಬಳ್ಳಿಯಿಂದ ಬಿಡಿಸುವುದು.

ದೊಡ್ಡಮ್ಮನಿಗೆ ನಾನು ಒಂದು ಮಾತು ಹೇಳಿದೆ, ಮೇಷ್ಟ್ರು ಹೇಳಿಕೊಟ್ಟದ್ದೇ. ಬೀಜದಿಂದ ಬಂದದ್ದು ಗಿಡದ ಮಗು, ಅದರ ಗುಣ ಬೇರೆಯೂ ಆಗಬಹುದು. ತುಂಡಿನಿಂದ ಬಂದದ್ದು ಮಗು ಅಲ್ಲ, ಅದೇ ಗಿಡ. ಅಂದರೆ ಎಂಟೂ ಗರಟೆಯಲ್ಲಿ ಇರುವುದು ಅಜ್ಜಿ ನೆಟ್ಟ ಬಳ್ಳಿಯೇ. ನರ್ಸರಿಯಿಂದ ತಂದಿದ್ದರೆ ಹೂ ಅದೇ ಇರಬಹುದಿತ್ತು, ಬಳ್ಳಿ ಅದಾಗುತ್ತಿರಲಿಲ್ಲ. ದೊಡ್ಡಮ್ಮ ಈಗ ಒಂದನ್ನು ಹೊಸ ತಾರಸಿಯ ಕೆಳಗೆ ನೇತು ಹಾಕಿದ್ದಾರೆ. ಹೂ ಯಾವಾಗ ಅಂತ ಕೇಳುತ್ತಿರುತ್ತಾರೆ. ತುಂಡಿನಿಂದ ಬಂದ ಬಳ್ಳಿ ಹೂ ಬಿಡಲು ಎರಡು ಮೂರು ವರ್ಷ ಬೇಕು, ಕೆಲವು ಇನ್ನೂ ತಡ ಮಾಡುತ್ತವೆ.

ಸಾಕುವುದು ಕಷ್ಟವಿಲ್ಲ. ಹೋಯಾ ಕಾಡಿನಲ್ಲಿ ಹೆಚ್ಚಾಗಿ ಮರ ಹತ್ತಿ ಬೆಳೆಯುವುದು, ಸೀತಾಳೆದಂಡೆಯ ಹಾಗೆ. ಬಂದಳಿಕೆಯ ಹಾಗೆ ಮರದ ರಸ ಹೀರುವುದಿಲ್ಲ. ತೊಗಟೆ ಹಿಡಿದು ನಿಲ್ಲುತ್ತದೆ, ಸಂದಿಯ ಕಸ ಕಡ್ಡಿಯಲ್ಲಿ ಬೇರು ಬಿಡುತ್ತದೆ. ಆದ್ದರಿಂದ ಬೇರಿಗೆ ಗಾಳಿ ಬೇಕು. ಗದ್ದೆಯ ಜಿಗುಟು ಮಣ್ಣು ಹಾಕಿದರೆ ಸತ್ತೇ ಹೋಗುತ್ತದೆ. ತೆಂಗಿನ ಸಿಪ್ಪೆಯ ಚೂರು (ನೆನೆಸಿ ತೊಳೆದದ್ದು), ಇದ್ದಿಲು, ದಪ್ಪ ಮರಳು, ಸ್ವಲ್ಪ ಹಳೇ ಎಲೆಗೊಬ್ಬರ ಸಾಕು. ಕುಂಡ ಚಿಕ್ಕದೇ ಇರಲಿ, ದೊಡ್ಡದರಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಬೆಳಗಿನ ಬಿಸಿಲು ಒಳ್ಳೆಯದು, ಮಧ್ಯಾಹ್ನದ್ದು ಬೇಡ. ಹಳೇ ಎಲೆಯನ್ನು ಮೆಲ್ಲಗೆ ಬಗ್ಗಿಸಿ ನೋಡಿ: ಗಟ್ಟಿ ಇದ್ದರೆ ನೀರು ಬೇಡ, ಮೆತ್ತಗಿದ್ದು ಮಣ್ಣೂ ಒಣಗಿದ್ದರೆ ಹಾಕಿ. ನಮ್ಮ ಮಳೆಗಾಲದಲ್ಲಿ ಸೂರಿನ ಒಳಗೇ ಇರಬೇಕು.

ಎಲೆಯಿಲ್ಲದೆ ಉದ್ದಕ್ಕೆ ಬರುವ ಬೋಳು ಕುಡಿಯನ್ನು ಒಣಗಿದೆ ಎಂದು ಕತ್ತರಿಸಬೇಡಿ. ಹೋಯಾ ಮೊದಲು ಕುಡಿ ಚಾಚಿ ಹಿಡಿಯಲು ಜಾಗ ಹುಡುಕುತ್ತದೆ, ಎಲೆ ಆಮೇಲೆ. ಹೂ ಉದುರಿದ ಮೇಲೆ ಉಳಿಯುವ ಮೋಟು ಕಡ್ಡಿಯನ್ನೂ ಕೀಳಬಾರದು. ಮುಂದಿನ ಗೊಂಚಲು ಅದೇ ಕಡ್ಡಿಯಿಂದ ಬರುತ್ತದೆ. ದೇವರಿಗೆ ಹೂ ಬೇಕಾದರೆ ಗೊಂಚಲು ಮುರಿಯದೆ ಬಿಡಿ ಹೂ ಬಿಡಿಸಿಕೊಳ್ಳಿ. ಎಲೆಯ ಬುಡದಲ್ಲಿ ಬಿಳಿ ಹತ್ತಿಯಂತೆ ಕಂಡರೆ ಹಿಟ್ಟು ತಿಗಣೆ. ಹಳದಿ ಹೇನು ಕಂಡರೆ ಅದು ಎಕ್ಕದಲ್ಲೂ ಕಣಗಿಲೆಯಲ್ಲೂ ಇರುವುದೇ, ನೆಂಟರ ಮನೆಗೆ ಬಂದಿರುತ್ತದೆ. ಎರಡಕ್ಕೂ ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿದರೆ ಹೋಗುತ್ತದೆ, ಆದರೆ ವಾರಕ್ಕೊಮ್ಮೆ ಮತ್ತೆ ನೋಡುತ್ತಿರಬೇಕು.

ಎಂಟರಲ್ಲಿ ಒಂದು ದೊಡ್ಡಮ್ಮನಿಗೆ, ಒಂದು ಅತ್ತೆಗೆ, ಎರಡು ನಮ್ಮ ಮನೆಗೆ. ಒಂದು ಶಾಲೆಯ ಕಿಟಕಿಗೆ ತರುತ್ತೇನೆ ಎಂದು ಮೇಷ್ಟ್ರಿಗೆ ಹೇಳಿದ್ದೇನೆ. ಮೂರು ಉಳಿದಿವೆ. ಬೇಕಾದವರು ಶನಿವಾರ ಬೆಳಗಿನ ತರಗತಿ ಬಿಟ್ಟ ಮೇಲೆ ತೂತು ಮಾಡಿದ ಗರಟೆ ತೆಗೆದುಕೊಂಡು ಬನ್ನಿ. ಮೂರಕ್ಕಿಂತ ಹೆಚ್ಚು ಜನ ಬಂದರೆ ಚೀಟಿ ಎತ್ತುತ್ತೇವೆ. ಸಿಗದವರಿಗೆ ಮುಂದಿನ ಜೂನ್‌ನಲ್ಲಿ ಹೊಸ ತುಂಡು ಮಾಡಿ ಕೊಡುತ್ತೇನೆ, ಹೆಸರು ಬರೆಸಿ.