ಅಜ್ಜಿಯ ಮದ್ದಿನ ವಿಡಿಯೊ ಹಾಕುವ ಮುನ್ನ

ಮಗಳೇ, ಅಜ್ಜಿ ಸರ್ಪಸುತ್ತಿಗೆ ಕೊಡುವ ಮದ್ದನ್ನು ವಿಡಿಯೊ ಮಾಡಿ ಹಾಕುತ್ತೀಯಂತೆ. ನಿನ್ನ ತಮ್ಮ ಪೇಟೆಂಟ್ ಮಾಡಿಸೋಣ ಅನ್ನುತ್ತಿದ್ದಾನಂತೆ. ಇಬ್ಬರೂ ಸ್ವಲ್ಪ ತಡೆಯಿರಿ.

ಪೇಟೆಂಟ್ ಸಿಗುವುದು ಹೊಸದಕ್ಕೆ, ಅದೂ 20 ವರ್ಷಕ್ಕೆ. ತಲೆಮಾರುಗಳಿಂದ ಬಂದ ಮದ್ದಿಗೆ ನಮ್ಮ ಪೇಟೆಂಟ್ ಕಾಯ್ದೆಯ 3(ಪಿ) ಸೆಕ್ಷನ್ ಬಾಗಿಲು ಮುಚ್ಚಿದೆ. ಮುಚ್ಚಿದ್ದೇ ಒಳ್ಳೆಯದಾಯಿತು. ಇಲ್ಲಿ ಬೇರೆ ಯಾರೂ ಅದನ್ನು ತಮ್ಮದು ಅನ್ನುವಂತಿಲ್ಲ.

ಹೊರದೇಶದ ಮಾತು ಬೇರೆ. 1995ರಲ್ಲಿ ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ ಪೇಟೆಂಟ್ ಪಡೆದಿತ್ತು! ರಘುನಾಥ ಮಾಶೇಲ್ಕರ್ ಮುಂದಾಳತ್ವದಲ್ಲಿ ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ (ಸಿಎಸ್‌ಐಆರ್) ಹೋರಾಡಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ನಮ್ಮ ಮನೆಮನೆಯ ಹೆಂಗಸರು ಬಂದು ಸಾಕ್ಷಿ ಹೇಳಿದ್ದರೂ ಆಗಿನ ಅಲ್ಲಿನ ಕಾನೂನಿನ ಮುಂದೆ ಅದು ನಿಲ್ಲುತ್ತಿರಲಿಲ್ಲ. ಅಮೆರಿಕದ ಹೊರಗಿನ ಬಳಕೆಗೆ ಅಚ್ಚಾದ ಪುರಾವೆಯೇ ಬೇಕಿತ್ತು. ಹಳೆಯ ಗ್ರಂಥಗಳು, 1953ರ ವೈದ್ಯಕೀಯ ಪತ್ರಿಕೆಯ ಒಂದು ಲೇಖನ ಕೈಹಿಡಿದವು. ಆಮೇಲೆ 2001ರಲ್ಲಿ ಶುರುವಾದ ಪಾರಂಪರಿಕ ಜ್ಞಾನದ ಡಿಜಿಟಲ್ ಗ್ರಂಥಾಲಯದಲ್ಲಿ ಆಯುರ್ವೇದ, ಸಿದ್ಧ, ಯುನಾನಿ ಗ್ರಂಥಗಳ ಮದ್ದುಗಳೆಲ್ಲ ಸೇರುತ್ತಾ ಬಂದವು. ಅಜ್ಜಿಯ ಮದ್ದು ಯಾವ ಗ್ರಂಥದಲ್ಲಿದೆ?

ಅದಕ್ಕೇ ಮೊದಲು ಬರೆದಿಡು. ಗಿಡದ ಊರಿನ ಹೆಸರು, ಬೇರೋ ತೊಗಟೆಯೋ, ಯಾವ ಮಾಸದಲ್ಲಿ ಕಿತ್ತದ್ದು, ಗಂಧದ ಕಲ್ಲಿನಲ್ಲಿ ಮಜ್ಜಿಗೆ ಹಾಕಿ ತೇಯ್ದದ್ದೋ ಬೆಣ್ಣೆಯಲ್ಲಿ ಅರೆದದ್ದೋ, ಪಥ್ಯವೇನು, ಅಜ್ಜಿಗೆ ಕಲಿಸಿದವರು ಯಾರು. ಎಲೆ, ಹೂವು ಇರುವ ಒಂದು ಚಿಕ್ಕ ರೆಂಬೆಯನ್ನು ಕಾಗದದ ನಡುವೆ ಒತ್ತಿ ಒಣಗಿಸಿಡು. ತಾರೀಕು ಹಾಕಿ ಇಬ್ಬರ ಸಹಿ ತಗೋ.

ವಿಡಿಯೊ ಯಾಕೆ ಬೇಡ ಅಂದೆ ಅಂದರೆ, ಎಲ್ಲರೂ ನೋಡುವಂತೆ ಹಾಕಿದರೆ ಇನ್ನೊಬ್ಬರ ಪೇಟೆಂಟನ್ನು ತಡೆಯಬಹುದು, ನಿಜ. ಆದರೆ ಅದನ್ನು ನೋಡಿ ಮದ್ದು ಮಾಡಿ ಮಾರುವವರು ನಿಮ್ಮ ಮನೆಯ ಬಾಗಿಲಿಗೆ ಬಂದು ಕೇಳುತ್ತಾರೆಯೇ? ಕೇರಳದ ಅಗಸ್ತ್ಯಮಲೆಯ ಕಾಣಿ ಜನ 1987ರಲ್ಲಿ ವಿಜ್ಞಾನಿಗಳಿಗೆ ಆರೋಗ್ಯಪಚ್ಚ ಗಿಡ ತೋರಿಸಿದರು. ಅದರಿಂದ ಹುಟ್ಟಿದ ‘ಜೀವನಿ’ ಔಷಧದ ಲೈಸೆನ್ಸ್ ಹಣದಲ್ಲಿ ಅರ್ಧ ಪಾಲು ಆ ಸಮುದಾಯದ ಟ್ರಸ್ಟಿಗೆ ಬಂತು. ಹಾಗಿದ್ದೂ ಅವರಲ್ಲಿನ ಕೆಲವು ವೈದ್ಯರು ಗುಟ್ಟು ಮಾರಾಟಕ್ಕಿಟ್ಟದ್ದನ್ನು ಒಪ್ಪಲಿಲ್ಲ. ಅವರ ಆಕ್ಷೇಪ ನನಗೆ ನ್ಯಾಯವಾಗಿಯೇ ಕಾಣುತ್ತದೆ.

ಹೇಳಿದರೆ ಮದ್ದಿನ ಗುಣ ಹೋಗುತ್ತದೆ ಎಂದು ನಂಬುವ ನಾಟಿ ವೈದ್ಯರು ನಮ್ಮಲ್ಲೂ ಇದ್ದಾರೆ. ಅಜ್ಜಿಯೂ ಹಾಗೆಂದರೆ ನಗಬೇಡ, ಒತ್ತಾಯಿಸಬೇಡ. ಒಪ್ಪಿದರೆ ಪಂಚಾಯ್ತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಕರೆದುಕೊಂಡು ಹೋಗು. 2002ರ ಕಾಯ್ದೆಯಂತೆ ಜನತಾ ಜೀವವೈವಿಧ್ಯ ದಾಖಲಾತಿ ಇಡುವುದು ಆ ಸಮಿತಿಯ ಕೆಲಸ. ಅದರಲ್ಲಿ ಅಜ್ಜಿಯ ಹೆಸರು, ಗಿಡ, ಕಾಯಿಲೆ ಬರೆಸು. ಪ್ರಮಾಣ, ಅನುಪಾನ ಗುಟ್ಟಾಗಿರಲಿ ಎಂದು ಲಿಖಿತವಾಗಿ ಕೇಳು, ಕೊಟ್ಟದ್ದಕ್ಕೆ ಸ್ವೀಕೃತಿ ತಗೋ. ನೀನು ಎಲ್ಲ ಬರೆದಿಟ್ಟ ಪುಸ್ತಕ ಮಾತ್ರ ಮನೆಯಲ್ಲೇ ಇರಲಿ.